ಕಡಲೆಕಾಯಿ ಬೆಣ್ಣೆ ಕಂಡುಹಿಡಿದದ್ದು ಕಾರ್ವರ್ ಅಲ್ಲ. ಅವರು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ

ಶಾಲೆಯ ಪೋಷಕರ ವಾಟ್ಸಾಪ್ ಗುಂಪಿನಲ್ಲೋ ಫ್ಯಾಮಿಲಿ ಗ್ರೂಪಿನಲ್ಲೋ ನೀವೂ ಈ ಕಥೆ ಓದಿರಬಹುದು. ಅಮೆರಿಕದಲ್ಲಿ ಗುಲಾಮಳ ಮಗನಾಗಿ ಹುಟ್ಟಿದ ಹುಡುಗನೊಬ್ಬ ಕಷ್ಟಪಟ್ಟು ಓದಿ ವಿಜ್ಞಾನಿಯಾದ. ಪೀನಟ್ ಬಟರ್, ಅಂದರೆ ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದ. ಕಡಲೆಕಾಯಿಯಿಂದಲೇ ಮುನ್ನೂರು ವಸ್ತು ತಯಾರಿಸಿ ಇಡೀ ದೇಶದ ರೈತರನ್ನು ಉಳಿಸಿದ. ಅವನ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಥೆಯ ಮೊದಲ ಭಾಗ ನಿಜ. ಪೀನಟ್ ಬಟರ್ ಭಾಗ ಸುಳ್ಳು. ಮುನ್ನೂರು ವಸ್ತುಗಳ ಭಾಗ ಅರ್ಧ ನಿಜ. ಆದರೆ ಅವರ ಬದುಕಿನ ಬಹುಮುಖ್ಯವಾದ ಒಂದು ಕೆಲಸ ಈ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಬೀಜ ಹೇಗೆ ಮೊಳೆಯುತ್ತದೆ, ಗಿಡಕ್ಕೆ ಏನು ಬೇಕು, ಗಿಡದಿಂದ ನಮಗೇನು ಸಿಗುತ್ತದೆ ಎಂಬುದನ್ನು ಬಡವರ ಮಕ್ಕಳಿಗೆ ಹೇಳಿಕೊಡಬೇಕೆಂದು ಅವರು ವರ್ಷಗಟ್ಟಲೆ ದುಡಿದರು. ಹೇಗೆ ಹೇಳಿಕೊಡಬೇಕೆಂದು ಶಿಕ್ಷಕರಿಗಾಗಿ ಪುಸ್ತಿಕೆಗಳನ್ನೂ ಬರೆದರು. ಅದು ಏಕೆ ಅಷ್ಟು ಮುಖ್ಯವಾಗಿತ್ತು ಎಂದು ತಿಳಿಯಲು ಅವರ ಬಾಲ್ಯದಿಂದಲೇ ಶುರುಮಾಡಬೇಕು.

ತಾಯಿಯನ್ನು ಕಳೆದುಕೊಂಡ ಮಗು

ಕಾರ್ವರ್ ಹುಟ್ಟಿದ್ದು 1864ರ ಸುಮಾರಿಗೆ, ಅಮೆರಿಕದ ಮಿಸ್ಸೂರಿ ರಾಜ್ಯದ ಡೈಮಂಡ್ ಎಂಬ ಊರಿನ ಬಳಿಯ ಒಂದು ಜಮೀನಿನಲ್ಲಿ. ಗುಲಾಮರ ಮಕ್ಕಳ ಜನ್ಮದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಹಾಗಾಗಿ ಅವರ ಹುಟ್ಟಿದ ದಿನ ಅವರಿಗೇ ಗೊತ್ತಿರಲಿಲ್ಲ. ತಾಯಿ ಮೇರಿ. ಆಕೆಯನ್ನು ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ 1855ರಲ್ಲಿ 700 ಡಾಲರ್ ಕೊಟ್ಟು ಕೊಂಡಿದ್ದ. ಅದು ಅಮೆರಿಕದ ಅಂತರ್ಯುದ್ಧದ ಕಾಲ. ಗುಲಾಮರನ್ನು ಕದ್ದೊಯ್ದು ಮಾರುವ ತಂಡಗಳು ಗಡಿಭಾಗದಲ್ಲಿ ತಿರುಗುತ್ತಿದ್ದವು. ಅಂಥ ಒಂದು ತಂಡ ಕೈಗೂಸಾಗಿದ್ದ ಜಾರ್ಜ್‌ನನ್ನೂ ತಾಯಿಯನ್ನೂ ಹೊತ್ತೊಯ್ದಿತು. ಹುಡುಕಲು ಹೋದವನು ಮಗುವನ್ನು ಮಾತ್ರ ವಾಪಸ್ ತಂದ. ಅದಕ್ಕೆ ಮೋಸೆಸ್ ಒಂದು ಕುದುರೆಯನ್ನು ಕೊಟ್ಟ. ತಾಯಿ ಮತ್ತೆಂದೂ ಸಿಗಲಿಲ್ಲ.

ಯುದ್ಧ ಮುಗಿದು ಗುಲಾಮಗಿರಿ ರದ್ದಾಯಿತು. ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್, ಜಾರ್ಜ್ ಹಾಗೂ ಅವನ ಅಣ್ಣ ಜಿಮ್‌ನನ್ನು ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದರು. ಜಾರ್ಜ್ ಸದಾ ಕಾಯಿಲೆಯ ಹುಡುಗ. ನಾಯಿಕೆಮ್ಮು ಅವನನ್ನು ಹೈರಾಣ ಮಾಡಿತ್ತು. ಹೊಲದ ಭಾರದ ಕೆಲಸ ಅವನಿಂದ ಆಗುತ್ತಿರಲಿಲ್ಲ. ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ, ಹಿತ್ತಲ ಕೆಲಸ ಅವನ ಪಾಲಿಗೆ ಬಂದವು. ಬಿಡುವು ಸಿಕ್ಕಾಗ ಅವನು ಕಾಡಿಗೆ ಹೋಗುತ್ತಿದ್ದ. ಅಲ್ಲಿ ಪೊದೆಗಳ ಮರೆಯಲ್ಲಿ ಯಾರಿಗೂ ಹೇಳದೆ ತನ್ನದೇ ಒಂದು ಪುಟ್ಟ ತೋಟ ಮಾಡಿಕೊಂಡಿದ್ದ. ಯಾವ ಗಿಡಕ್ಕೆ ಬಿಸಿಲು ಬೇಕು, ಯಾವುದಕ್ಕೆ ನೆರಳು ಬೇಕು, ಯಾವುದಕ್ಕೆ ಹೆಚ್ಚು ನೀರು ಹಾಕಿದರೆ ಬೇರು ಕೊಳೆಯುತ್ತದೆ ಎಂದು ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿ ತಿಳಿದುಕೊಂಡ. ಅಕ್ಕಪಕ್ಕದವರು ಸೊರಗಿದ ಗಿಡಗಳನ್ನು ಅವನ ಹತ್ತಿರ ತರತೊಡಗಿದರು. ಊರಿನಲ್ಲಿ ಅವನಿಗೆ ಗಿಡಗಳ ಡಾಕ್ಟರ್ ಎಂಬ ಹೆಸರೇ ಬಿತ್ತು.

ಹೀಗೆ ಗಿಡಗಳ ಬಗ್ಗೆ ಅವನ ಮೊದಲ ಪಾಠ ಆದದ್ದು ಶಾಲೆಯಲ್ಲಲ್ಲ. ಊರಿನ ಶಾಲೆ ಅವನನ್ನು ಸೇರಿಸಿಕೊಳ್ಳುತ್ತಲೂ ಇರಲಿಲ್ಲ, ಏಕೆಂದರೆ ಅದು ಬಿಳಿಯರ ಮಕ್ಕಳಿಗೆ ಮಾತ್ರ.

ಶಾಲೆಯನ್ನು ಹುಡುಕಿಕೊಂಡು

ಕಪ್ಪು ಮಕ್ಕಳ ಶಾಲೆ ಇದ್ದದ್ದು ಮೈಲಿಗಟ್ಟಲೆ ದೂರದ ನಿಯೋಷೋ ಪಟ್ಟಣದಲ್ಲಿ. ಇನ್ನೂ ಬಾಲಕನಾಗಿದ್ದಾಗಲೇ ಜಾರ್ಜ್ ಮನೆ ಬಿಟ್ಟು ಅಲ್ಲಿಗೆ ಹೋದ. ಶಾಲೆಯ ಪಕ್ಕದಲ್ಲೇ ಇದ್ದ ಮರಾಯಾ ವಾಟ್ಕಿನ್ಸ್ ಎಂಬಾಕೆ ಅವನಿಗೆ ಆಶ್ರಯ ಕೊಟ್ಟರು. ಆಕೆ ಸೂಲಗಿತ್ತಿ, ಗಿಡಮೂಲಿಕೆಗಳನ್ನು ಬಲ್ಲವರು. ಬಟ್ಟೆ ಒಗೆಯುವ ಕೆಲಸದಲ್ಲಿ ಆಕೆಗೆ ನೆರವಾಗುತ್ತಲೇ ಹುಡುಗ ಓದಿದ.

ಮುಂದೆ ಊರಿಂದೂರಿಗೆ ಅಲೆದಾಟ. 1879ರಲ್ಲಿ ಕ್ಯಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಪಟ್ಟಣದಲ್ಲಿದ್ದಾಗ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದದ್ದನ್ನು ಕಣ್ಣಾರೆ ಕಂಡು ಆ ಊರನ್ನೇ ಬಿಟ್ಟು ಹೋದ. ಅಲ್ಲಲ್ಲಿ ಬಟ್ಟೆ ಒಗೆದು, ಅಡುಗೆ ಮಾಡಿ ಹೈಸ್ಕೂಲು ಮುಗಿಸಿದ. ಕಾಲೇಜೊಂದು ಅಂಚೆಯಲ್ಲಿ ಬಂದ ಅರ್ಜಿ ನೋಡಿ ಸೀಟು ಕೊಟ್ಟಿತು. ಬಾಗಿಲಿಗೆ ಬಂದು ನಿಂತ ಹುಡುಗನ ಬಣ್ಣ ನೋಡಿ ಅದೇ ಕಾಲೇಜು ಸೀಟು ಇಲ್ಲವೆಂದಿತು.

ಕೆಲವು ವರ್ಷ ಹುಲ್ಲುಗಾವಲಿನಲ್ಲಿ ಮಣ್ಣಿನ ಹೆಂಟೆಯ ಮನೆ ಕಟ್ಟಿಕೊಂಡು ಬೇಸಾಯ ಮಾಡಿದರು. 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅವರು ಆರಿಸಿಕೊಂಡದ್ದು ಚಿತ್ರಕಲೆ. ಹೂವುಗಳನ್ನು ಅವರು ಎಷ್ಟು ಚೆನ್ನಾಗಿ ಬಿಡಿಸುತ್ತಿದ್ದರೆಂದರೆ, ಚಿತ್ರಕಲೆಯ ಶಿಕ್ಷಕಿ ಎಟ್ಟಾ ಬಡ್ ಅವರಿಗೆ ಸಸ್ಯಶಾಸ್ತ್ರ ಓದುವಂತೆ ಸಲಹೆ ಕೊಟ್ಟರು. ಆಕೆಯ ತಂದೆ ಆ ರಾಜ್ಯದ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದರು. 1891ರಲ್ಲಿ ಕಾರ್ವರ್ ಆ ಕಾಲೇಜು ಸೇರಿದರು. ಇಂದಿನ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯ ಅದೇ. ಅಲ್ಲಿಗೆ ಬಂದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪದವಿಯ ನಂತರ ಅಲ್ಲೇ ಬೋಧಕರೂ ಆದರು.

ಐದಾರು ವರ್ಷದ ಶಿಷ್ಯ

ಅಯೋವಾ ದಿನಗಳಲ್ಲಿ ಕಾರ್ವರ್ ಗಿಡ, ಶಿಲೀಂಧ್ರಗಳ ಮಾದರಿ ಹುಡುಕುತ್ತ ಹೊಲ, ತೋಪುಗಳಲ್ಲಿ ಸುತ್ತುತ್ತಿದ್ದರು. ಅವರ ಜೊತೆ ಹಲವು ಸಲ ಒಂದು ಪುಟ್ಟ ಹುಡುಗನೂ ಇರುತ್ತಿದ್ದ. ಅವನು ಆ ಕಾಲೇಜಿನ ಬೋಧಕರೊಬ್ಬರ ಮಗ, ಹೆನ್ರಿ ವ್ಯಾಲೇಸ್. ವಯಸ್ಸು ಐದೋ ಆರೋ ಇದ್ದೀತು. ಕಾರ್ವರ್ ಅವನನ್ನು ದೊಡ್ಡವರಂತೆಯೇ ನಡೆಸಿಕೊಂಡರು. ಹೂವನ್ನು ಬಿಡಿಸಿ ಒಳಗಿನ ಭಾಗಗಳನ್ನು ತೋರಿಸಿದರು. ಪರಾಗ ಎಲ್ಲಿರುತ್ತದೆ, ಅದು ಎಲ್ಲಿಗೆ ಹೋಗಬೇಕು, ಹೋದ ಮೇಲೆ ಬೀಜ ಹೇಗಾಗುತ್ತದೆ ಎಂದು ವಿವರಿಸಿದರು. ಒಂದು ಹುಲ್ಲಿಗೂ ಇನ್ನೊಂದು ಹುಲ್ಲಿಗೂ ಇರುವ ವ್ಯತ್ಯಾಸ ಗುರುತಿಸಲು ಕಲಿಸಿದರು.

ಆ ಹುಡುಗ ದೊಡ್ಡವನಾದ ಮೇಲೆ ಏನಾದ ಎಂಬುದು ಈ ಕಥೆಯಲ್ಲಿ ಮುಖ್ಯ. ಆಗ ಅಮೆರಿಕದಲ್ಲಿ ಮೆಕ್ಕೆಜೋಳದ ತೆನೆಗಳ ಸ್ಪರ್ಧೆ ನಡೆಯುತ್ತಿತ್ತು. ಸಾಲು ನೆಟ್ಟಗಿದ್ದು, ನೋಡಲು ಅಂದವಾಗಿದ್ದ ತೆನೆಗೆ ಬಹುಮಾನ. ಅಂದದ ತೆನೆಯ ಬೀಜವೇ ಒಳ್ಳೆಯ ಬೆಳೆ ಕೊಡುತ್ತದೆ ಎಂದು ಪ್ರಾಧ್ಯಾಪಕರೂ ನಂಬಿದ್ದರು. 1904ರಲ್ಲಿ, ಇನ್ನೂ ಹದಿನಾರು ತುಂಬದ ವ್ಯಾಲೇಸ್ ಅಂದದ ತೆನೆ, ಅಂದವಿಲ್ಲದ ತೆನೆ ಎರಡರ ಬೀಜವನ್ನೂ ಬೇರೆ ಬೇರೆ ಸಾಲಿನಲ್ಲಿ ಬಿತ್ತಿ, ಕೊಯ್ದು, ತೂಗಿ ನೋಡಿದ. ಅಂದದ ತೆನೆಗಳು ಇಳುವರಿಯಲ್ಲಿ ಮುಂದಿರಲಿಲ್ಲ. ಯಾರು ಹೇಳಿದರು ಎಂದು ನಂಬದೆ ಬಿತ್ತಿ ನೋಡಿದ್ದೇ ಅವನ ಉತ್ತರ.

ಮುಂದೆ ವ್ಯಾಲೇಸ್ 1926ರಲ್ಲಿ ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ಸ್ಥಾಪಿಸಿದರು. 1933ರಿಂದ 1940ರವರೆಗೆ ಅಮೆರಿಕದ ಕೃಷಿ ಮಂತ್ರಿ, 1941ರಿಂದ 1945ರವರೆಗೆ ಉಪಾಧ್ಯಕ್ಷರಾಗಿದ್ದರು. ಗಿಡಗಳ ಬಗ್ಗೆ ತನಗೆ ಮೊದಲು ಆಸಕ್ತಿ ಹುಟ್ಟಿಸಿದವರು ಕಾರ್ವರ್ ಎಂದು ಅವರು ಕೊನೆಯವರೆಗೂ ನೆನೆಯುತ್ತಿದ್ದರು. ಹಾಗೆಂದು ಕಾರ್ವರ್ ಜೊತೆ ಸುತ್ತಾಡಿದ್ದರಿಂದಲೇ ಒಬ್ಬ ಉಪಾಧ್ಯಕ್ಷ ಹುಟ್ಟಿದ ಎಂದು ಹೇಳಲಾಗದು. ವ್ಯಾಲೇಸರ ಅಜ್ಜ, ತಂದೆ ಇಬ್ಬರೂ ಕೃಷಿಯ ಪರಿಣತರೇ. ಆದರೆ ಆ ವಯಸ್ಸಿನ ಮಗುವಿಗೆ ಅರ್ಥವಾಗುವುದಿಲ್ಲ ಎಂದು ಕೈಬಿಡದೆ ಹೂವಿನೊಳಗೆ ಇಣುಕಿ ನೋಡಲು ಕಲಿಸಿದವರು ಕಾರ್ವರ್.

ಹತ್ತಿ ತಿಂದುಹಾಕಿದ ನೆಲ

1896ರಲ್ಲಿ ಬುಕರ್ ಟಿ. ವಾಷಿಂಗ್ಟನ್ ಅವರಿಂದ ಕರೆ ಬಂತು. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ಅವರು ಕಪ್ಪು ವಿದ್ಯಾರ್ಥಿಗಳಿಗಾಗಿ ಒಂದು ಶಿಕ್ಷಣ ಸಂಸ್ಥೆ ಕಟ್ಟಿದ್ದರು. ಅದರ ಕೃಷಿ ವಿಭಾಗಕ್ಕೆ ಮುಖ್ಯಸ್ಥರು ಬೇಕಿತ್ತು. ವರ್ಷಕ್ಕೆ 1,000 ಡಾಲರ್ ಸಂಬಳ. ಕಾರ್ವರ್ ಒಪ್ಪಿ ಹೋದರು. ಸಾಯುವವರೆಗೆ ಅಲ್ಲಿಯೇ ಉಳಿದರು.

ಅಲ್ಲಿ ಪ್ರಯೋಗಾಲಯ ಎಂಬುದೇ ಇರಲಿಲ್ಲ. ಕಸದ ರಾಶಿಯಿಂದ ಬಾಟಲಿ, ಡಬ್ಬ, ತಂತಿ ಆರಿಸಿ ತಂದು ವಿದ್ಯಾರ್ಥಿಗಳೊಂದಿಗೆ ಉಪಕರಣ ಮಾಡಿಕೊಂಡರು. ಅದಕ್ಕಿಂತ ದೊಡ್ಡ ಸಮಸ್ಯೆ ಹೊರಗಿತ್ತು. ಸುತ್ತಲಿನ ಕಪ್ಪು ಕುಟುಂಬಗಳಲ್ಲಿ ಹೆಚ್ಚಿನವರು ಬೇರೆಯವರ ನೆಲವನ್ನು ಪಾಲಿಗೆ ಉಳುತ್ತಿದ್ದರು. ಬೀಜ, ಗೊಬ್ಬರ, ಊಟದ ದಿನಸಿ ಎಲ್ಲವೂ ಸಾಲ. ಸಾಲ ಕೊಟ್ಟವನಿಗೆ ಹತ್ತಿಯೇ ಬೇಕು. ಹಾಗಾಗಿ ಮನೆಯ ಗೋಡೆಯವರೆಗೂ ಹತ್ತಿ. ವರ್ಷ ವರ್ಷ ಅದೇ ಬೆಳೆ ಬೆಳೆದು ನೆಲ ಸೊರಗಿತ್ತು. ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತಿತ್ತು.

ಊಟವೆಂದರೆ ಹೆಚ್ಚಾಗಿ ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ. ಕಾಳಿಲ್ಲ, ಹಸಿರು ತರಕಾರಿ ಇಲ್ಲ. ಇದರಿಂದ ಪೆಲಾಗ್ರ ಎಂಬ ರೋಗ ಆ ಪ್ರದೇಶದಲ್ಲಿ ಹಬ್ಬಿತು. ಚರ್ಮ ಸುಟ್ಟಂತಾಗುವುದು, ಭೇದಿ, ಬುದ್ಧಿ ಮಂಕಾಗುವುದು, ಕೊನೆಗೆ ಸಾವು. ನಿಯಾಸಿನ್ ಎಂಬ ವಿಟಮಿನ್ ಕೊರತೆ ಇದಕ್ಕೆ ಕಾರಣ ಎಂದು ಖಚಿತವಾದದ್ದು 1937ರಲ್ಲಿ. ನಿಯಾಸಿನ್ ಹೆಚ್ಚಾಗಿರುವ ಆಹಾರಗಳಲ್ಲಿ ಕಡಲೆಕಾಯಿಯೂ ಒಂದು. ನಿಯಾಸಿನ್ ಸಂಗತಿ ತಿಳಿಯುವ ಎಷ್ಟೋ ವರ್ಷ ಮೊದಲೇ ಕಾರ್ವರ್ ಈ ಕುಟುಂಬಗಳಿಗೆ ಅಲಸಂದೆ, ಕಡಲೆಕಾಯಿ, ಗೆಣಸು, ಸೊಪ್ಪು ಬೆಳೆದು ತಿನ್ನಿ ಎಂದು ಹೇಳುತ್ತಿದ್ದರು. ಅವರ ಲೆಕ್ಕ ಸರಳ. ಹಣ ಕೊಟ್ಟು ಕೊಳ್ಳಲಾಗದವರು ಬೆಳೆದೇ ತಿನ್ನಬೇಕು.

ಬೇರಿನ ಗಂಟಿನಲ್ಲಿ ಏನಿದೆ?

ಹತ್ತಿಯ ನಂತರ ಅಲಸಂದೆ ಅಥವಾ ಕಡಲೆಕಾಯಿ ಬೆಳೆದರೆ ನೆಲಕ್ಕೆ ಹೇಗೆ ಒಳ್ಳೆಯದು? ನಮ್ಮ ರೈತರಿಗೆ ಇದು ಅನುಭವದಿಂದ ಗೊತ್ತು. ಇದರ ವಿಜ್ಞಾನ ಹೀಗಿದೆ.

ಗಿಡ ಬೆಳೆಯಲು ಸಾರಜನಕ ಬೇಕು. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವೇ ಇದೆ. ಆದರೆ ಗಿಡ ಅದನ್ನು ಗಾಳಿಯಿಂದ ನೇರವಾಗಿ ತೆಗೆದುಕೊಳ್ಳಲಾರದು. ಅಲಸಂದೆ, ತೊಗರಿ, ಅವರೆ, ಹೆಸರು, ಕಡಲೆಕಾಯಿಯಂಥ ದ್ವಿದಳ ಧಾನ್ಯಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ. ಆ ಗಂಟುಗಳೊಳಗೆ ರೈಜೋಬಿಯಂ ಎಂಬ ಗುಂಪಿನ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಿರುಗಿಸಿಕೊಡುತ್ತವೆ. ಬದಲಿಗೆ ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ಬೆಳೆ ಮುಗಿದ ಮೇಲೆ ಬೇರು, ಎಲೆ ಮಣ್ಣಿಗೆ ಸೇರಿದರೆ ಆ ಸಾರಜನಕದ ಒಂದು ಭಾಗ ಮುಂದಿನ ಬೆಳೆಗೆ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಡಲೆಕಾಯಿ ಗಿಡವನ್ನು ಬೇರುಸಮೇತ ಕಿತ್ತು, ಕಾಯಿ ಬಿಡಿಸಿ, ಹೊಟ್ಟನ್ನು ದನಗಳಿಗೆ ಹಾಕಿದರೆ ನೆಲಕ್ಕೆ ಉಳಿಯುವುದು ಕಡಿಮೆ. ಕಡಲೆಕಾಯಿ ಬೆಳೆದ ಕೂಡಲೇ ನೆಲ ಫಲವತ್ತಾಗಿಬಿಡುತ್ತದೆ ಎಂಬುದು ಪೂರ್ತಿ ಸರಿಯಲ್ಲ. ಉಳಿಕೆಯನ್ನು ಮಣ್ಣಿಗೆ ಸೇರಿಸುವುದು, ಸಗಣಿ ಗೊಬ್ಬರ, ಎಲೆಗೊಬ್ಬರ ಹಾಕುವುದು ಕೂಡ ಬೇಕು. ಕಾರ್ವರ್ ಕಾಡಿನ ಎಲೆ, ಜೌಗು ನೆಲದ ಕೆಸರು ಮಣ್ಣು ತಂದು ಹೊಲಕ್ಕೆ ಹಾಕಲು ಹೇಳುತ್ತಿದ್ದದ್ದೂ ಇದಕ್ಕೇ. ಬಡ ರೈತನಿಗೆ ಪುಕ್ಕಟೆ ಸಿಗುವ ಗೊಬ್ಬರ ಅದು.

ಇನ್ನೊಂದು ಮಾತು. ಬೆಳೆ ಬದಲಿಸಿ ಬೆಳೆಯುವ ಪದ್ಧತಿಯನ್ನು ಕಾರ್ವರ್ ಕಂಡುಹಿಡಿದರು ಎಂದೂ ಕೆಲವು ಸಂದೇಶಗಳು ಹೇಳುತ್ತವೆ. ಅದು ಸರಿಯಲ್ಲ. ಸಾವಿರಾರು ವರ್ಷಗಳಿಂದ ಹಲವು ದೇಶಗಳ ರೈತರು ಹಾಗೆ ಮಾಡುತ್ತಲೇ ಬಂದಿದ್ದಾರೆ. ಬೇರುಗಂಟಿನ ಬ್ಯಾಕ್ಟೀರಿಯಾದ ಗುಟ್ಟು ಯುರೋಪಿನ ವಿಜ್ಞಾನಿಗಳಿಗೆ ತಿಳಿದದ್ದು 1880ರ ದಶಕದಲ್ಲಿ, ಕಾರ್ವರ್ ಕಾಲೇಜು ಸೇರುವ ಕೆಲವೇ ವರ್ಷ ಮೊದಲು. ಆಗಷ್ಟೇ ಹೊರಬಂದಿದ್ದ ಆ ತಿಳಿವಳಿಕೆಯನ್ನು ಓದುಬರಹ ಬಾರದ ರೈತನ ಹೊಲದವರೆಗೆ, ಅವನ ಮಗುವಿನ ತರಗತಿಯವರೆಗೆ ತಲುಪಿಸಿದ್ದು ಕಾರ್ವರ್ ಮಾಡಿದ ಕೆಲಸ.

ಶಾಲೆಯ ಅಂಗಳದ ಪಾತಿ

ದೊಡ್ಡವರಿಗೆ ಹೇಳಿದರೆ ಸಾಲದು ಎಂಬುದು ಕಾರ್ವರ್‌ಗೆ ಬೇಗ ಅರಿವಾಯಿತು. ಸಾಲದಲ್ಲಿ ಮುಳುಗಿದ ರೈತ ಹೊಸದನ್ನು ಮಾಡಲು ಹೆದರುತ್ತಾನೆ. ಒಂದು ಬೆಳೆ ಕೈಕೊಟ್ಟರೆ ಮನೆಮಂದಿಗೆ ಊಟವಿಲ್ಲ. ಮಗುವಿಗೆ ಆ ಹೆದರಿಕೆ ಇಲ್ಲ. ಶಾಲೆಯ ಅಂಗಳದ ಒಂದು ಪಾತಿಯಲ್ಲಿ ಬೀಜ ಮೊಳೆಯದಿದ್ದರೆ ಇನ್ನೊಮ್ಮೆ ಬಿತ್ತಬಹುದು.

ಟಸ್ಕೀಗಿಗೆ ಬಂದ ಮರುವರ್ಷ, 1897ರಲ್ಲಿಯೇ, ಪ್ರಕೃತಿ ಪಾಠವನ್ನು ಹೇಗೆ ನಡೆಸಬೇಕೆಂಬ ಪುಸ್ತಿಕೆಯನ್ನು ಅವರು ಬರೆದರು. 1910ರಲ್ಲಿ ಹಳ್ಳಿ ಶಾಲೆಗಳಲ್ಲಿ ಪ್ರಕೃತಿ ಪಾಠ ಮತ್ತು ಕೈತೋಟದ ಬಗ್ಗೆಯೇ ಇನ್ನೊಂದು ಪುಸ್ತಿಕೆ ಬಂತು. ಟಸ್ಕೀಗಿಯ ಪ್ರಯೋಗ ಕೇಂದ್ರ ಹೊರತಂದ ಪುಸ್ತಿಕೆಗಳಲ್ಲಿ ಅದು 18ನೆಯದು. ಆ ಕಾಲಕ್ಕೆ ಅಮೆರಿಕದ ಹಲವೆಡೆ ಮಕ್ಕಳನ್ನು ಪುಸ್ತಕದಿಂದ ಹೊರಗೆ ಕರೆತಂದು ಪ್ರಕೃತಿಯನ್ನು ತೋರಿಸುವ ಚಳವಳಿ ನಡೆದಿತ್ತು. ಆದರೆ ಕಾರ್ವರ್‌ಗೆ ಇದು ಬರೀ ಸಂತೋಷದ ಪಾಠವಾಗಿರಲಿಲ್ಲ. ಅವರ ಮುಂದಿದ್ದದ್ದು ವರ್ಷದಲ್ಲಿ ಕೆಲವೇ ತಿಂಗಳು ಶಾಲೆ ನಡೆಯುವ, ಹತ್ತಿ ಬಿಡಿಸುವ ಕಾಲಕ್ಕೆ ತರಗತಿಯಿಂದ ಮಾಯವಾಗುವ ಮಕ್ಕಳು.

ಅವರ ಬೋಧನೆಯ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು. ಹೆಸರು ಬಾಯಿಪಾಠ ಮಾಡಿಸುವ ಮೊದಲು ವಸ್ತುವನ್ನು ಕೈಗೆ ಕೊಡಿ. ದೂರದ ದೇಶದ ಅಪರೂಪದ ಗಿಡ ಬೇಡ, ಮಗು ದಿನಾ ತುಳಿದುಕೊಂಡು ಬರುವ ದಾರಿಯ ಗಿಡವೇ ಸಾಕು. ಮಣ್ಣು, ಬೀಜ, ಹುಳು, ಹಕ್ಕಿ, ಮಳೆ ಇವನ್ನು ಬೇರೆ ಬೇರೆ ಪಾಠಗಳೆಂದು ಕತ್ತರಿಸಬೇಡಿ. ಒಂದಕ್ಕೊಂದು ಇರುವ ನಂಟನ್ನು ತೋರಿಸಿ. ಪಾಠದ ದೊಡ್ಡ ಭಾಗ ತರಗತಿಯ ಹೊರಗೆ ನಡೆಯಲಿ.

ಅವರು ತಾವೂ ಹಾಗೆಯೇ ಬದುಕಿದರು. ಬೆಳಗಾಗುವ ಮೊದಲೇ ಎದ್ದು ಕಾಡಿನಲ್ಲಿ ಸುತ್ತಿ ಮಾದರಿಗಳನ್ನು ತರುತ್ತಿದ್ದರು. ಕೋಟಿನ ಗುಂಡಿಗೆ ದಿನವೂ ಒಂದು ಹೂವೋ ಎಲೆಯೋ ಸಿಕ್ಕಿಸಿಕೊಳ್ಳುತ್ತಿದ್ದರು.

ಗಾಡಿಯ ಮೇಲೆ ಬಂದ ಶಾಲೆ

ಶಾಲೆಗೆ ಬರಲಾಗದವರಿಗೆ ಏನು ದಾರಿ? 1906ರಲ್ಲಿ ಟಸ್ಕೀಗಿಯಿಂದ ಹೇಸರಗತ್ತೆ ಎಳೆಯುವ ಗಾಡಿಯೊಂದು ಹೊರಟಿತು. ಅದರಲ್ಲಿ ಬೀಜ, ನೇಗಿಲು, ಹಾಲು ಕಡೆಯುವ ಸಾಧನ, ಗೊಬ್ಬರದ ಮಾದರಿ ಎಲ್ಲವೂ ಇದ್ದವು. ದುಡ್ಡು ಕೊಟ್ಟವರು ನ್ಯೂಯಾರ್ಕಿನ ದಾನಿ ಮಾರಿಸ್ ಜೆಸಪ್. ಹಾಗಾಗಿ ಅದಕ್ಕೆ ಜೆಸಪ್ ಗಾಡಿ ಎಂದೇ ಹೆಸರು. ಗಾಡಿಯಲ್ಲಿ ಏನಿರಬೇಕು, ಏನು ಹೇಳಿಕೊಡಬೇಕು ಎಂದು ಯೋಜಿಸಿದವರಲ್ಲಿ ಕಾರ್ವರ್ ಮುಖ್ಯರು. ಅದನ್ನು ನಡೆಸಿದವರು ಅವರ ಶಿಷ್ಯ ಥಾಮಸ್ ಕ್ಯಾಂಪ್‌ಬೆಲ್. ಗಾಡಿ ಹಳ್ಳಿಯಲ್ಲಿ ನಿಂತರೆ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ಸೇರಿ ನೋಡುತ್ತಿದ್ದರು. ಇಂದು ನಮ್ಮ ಹಳ್ಳಿಗಳಿಗೆ ಬರುವ ಕೃಷಿ ಮಾಹಿತಿ ರಥದಂಥ ವಾಹನಗಳ ಹಿರಿಯಣ್ಣ ಅದು.

ಕಡಲೆಕಾಯಿಯ ಹೆಸರು ಅಂಟಿಕೊಂಡದ್ದು ಹೇಗೆ?

1892ರ ಸುಮಾರಿಗೆ ಮೆಕ್ಸಿಕೋದಿಂದ ಬಂದ ಹತ್ತಿಯ ಸೊಂಡಿಲು ಹುಳು 1910ರ ಹೊತ್ತಿಗೆ ಅಲಬಾಮಾ ತಲುಪಿತು. ಹತ್ತಿ ನೆಲಕಚ್ಚಿತು. ರೈತರು ಬೇರೆ ಬೆಳೆಯತ್ತ ತಿರುಗಲೇಬೇಕಾಯಿತು. ಹಲವರು ಕಡಲೆಕಾಯಿ ಹಾಕಿದರು. ಬೆಳೆದದ್ದನ್ನು ಏನು ಮಾಡುವುದು? 1916ರಲ್ಲಿ ಕಾರ್ವರ್ ಕಡಲೆಕಾಯಿ ಬೆಳೆಯುವ ವಿಧಾನ ಮತ್ತು ಅದರಿಂದ 105 ಬಗೆಯ ತಿನಿಸು ಮಾಡುವ ವಿಧಾನಗಳ ಪುಸ್ತಿಕೆ ತಂದರು. ಸೂಪು, ಬ್ರೆಡ್ಡು, ಬಿಸ್ಕತ್ತು, ಮಿಠಾಯಿ ಎಲ್ಲವೂ ಅದರಲ್ಲಿದ್ದವು.

1921ರ ಜನವರಿಯಲ್ಲಿ ಅವರು ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಹಾಜರಾದರು. ಹೊರದೇಶದ ಕಡಲೆಕಾಯಿಗೆ ಆಮದು ಸುಂಕ ಹಾಕಬೇಕೆಂದು ಬೆಳೆಗಾರರ ಪರವಾಗಿ ಹೇಳಬೇಕಿತ್ತು. ಕೊಟ್ಟದ್ದು ಹತ್ತು ನಿಮಿಷ. ಕೆಲವು ಸದಸ್ಯರು ಬಣ್ಣವನ್ನು ನೆನಪಿಸಿ ಕುಹಕವಾಡಿದರೂ ಅವರು ಶಾಂತವಾಗಿ ಒಂದೊಂದೇ ವಸ್ತುವನ್ನು ಪೆಟ್ಟಿಗೆಯಿಂದ ತೆಗೆದು ತೋರಿಸುತ್ತ ಹೋದರು. ಸಮಿತಿ ಸಮಯ ವಿಸ್ತರಿಸಿತು. 1922ರ ಕಾಯ್ದೆಯಲ್ಲಿ ಸುಂಕ ಸೇರಿತು. ಅಲ್ಲಿಂದ ಕಾರ್ವರ್ ದೇಶಕ್ಕೆಲ್ಲ ಕಡಲೆಕಾಯಿ ಮನುಷ್ಯರಾದರು.

ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಅಲ್ಲ?

ಪೀನಟ್ ಬಟರ್ ಕಂಡುಹಿಡಿದರು: ಸುಳ್ಳು. ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಶತಮಾನಗಳ ಹಿಂದೆಯೇ ಕಡಲೆಕಾಯಿ ಅರೆದು ತಿನ್ನುತ್ತಿದ್ದರು. ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲಿ ಇಂಥ ಅರೆದ ಕಡಲೆಕಾಯಿಗೆ ಪೇಟೆಂಟ್ ಪಡೆದಿದ್ದರು. ಜಾನ್ ಹಾರ್ವೆ ಕೆಲಾಗ್ 1895ರಲ್ಲಿ ಅರ್ಜಿ ಹಾಕಿದ್ದರು. ಆಗ ಕಾರ್ವರ್ ಇನ್ನೂ ಟಸ್ಕೀಗಿಗೇ ಬಂದಿರಲಿಲ್ಲ.

ಮುನ್ನೂರು ವಸ್ತು ಕಂಡುಹಿಡಿದರು: ಅರ್ಧ ನಿಜ. ಕಡಲೆಕಾಯಿಯ ಸುಮಾರು 300 ಉಪಯೋಗಗಳ ಪಟ್ಟಿ ಅವರ ಹೆಸರಿನಲ್ಲಿದೆ. ಅದರಲ್ಲಿ ಅಡುಗೆಗಳೂ ಇವೆ, ಮೊದಲೇ ಗೊತ್ತಿದ್ದವೂ ಇವೆ. ಹೆಚ್ಚಿನವು ಮಾರುಕಟ್ಟೆಗೆ ಬರಲಿಲ್ಲ. ಅವರು ಪಡೆದ ಪೇಟೆಂಟ್‌ಗಳು ಮೂರು. ಅವು 1925ರಿಂದ 1927ರ ನಡುವಿನ ಸೌಂದರ್ಯವರ್ಧಕ ಮತ್ತು ಬಣ್ಣಗಳಿಗೆ ಸಂಬಂಧಿಸಿದವು.

ಕಡಲೆಕಾಯಿ ಎಣ್ಣೆ ತಿಕ್ಕಿದರೆ ಪೋಲಿಯೊ ಗುಣ: ಸುಳ್ಳು. 1930ರ ದಶಕದಲ್ಲಿ ಕಾರ್ವರ್ ಇದನ್ನು ನಂಬಿದ್ದರು. ಸುದ್ದಿ ಹಬ್ಬಿ ಜನ ಟಸ್ಕೀಗಿಗೆ ಬಂದದ್ದೂ ನಿಜ. ತಿಕ್ಕುವುದರಿಂದ, ವ್ಯಾಯಾಮದಿಂದ ಸ್ನಾಯುಗಳಿಗೆ ಸ್ವಲ್ಪ ಆರಾಮ ಸಿಗಬಹುದು. ಆದರೆ ಎಣ್ಣೆಯಲ್ಲಿ ಪೋಲಿಯೊ ಗುಣಪಡಿಸುವ ಶಕ್ತಿ ಇಲ್ಲ. ಪೋಲಿಯೊಗೆ ಲಸಿಕೆಯೇ ರಕ್ಷಣೆ. ದೊಡ್ಡವರು ನಂಬಿದ್ದರು ಎಂಬ ಕಾರಣಕ್ಕೆ ಒಂದು ಮಾತು ಸತ್ಯವಾಗುವುದಿಲ್ಲ.

ಹಣದ ಹಿಂದೆ ಹೋಗಲಿಲ್ಲ: ನಿಜ. ಹಲವು ವರ್ಷ ಸಂಬಳ ಏರಿಸಿಕೊಳ್ಳಲಿಲ್ಲ. ಉಳಿತಾಯದ ಸುಮಾರು 60,000 ಡಾಲರನ್ನು ಟಸ್ಕೀಗಿಯಲ್ಲಿ ಕೃಷಿ ಸಂಶೋಧನೆಗಾಗಿ ತಾವು ಆರಂಭಿಸಿದ ಪ್ರತಿಷ್ಠಾನಕ್ಕೆ ಕೊಟ್ಟರು.

ಕಾರ್ವರ್ 1943ರ ಜನವರಿ 5ರಂದು ತೀರಿಕೊಂಡರು. ಟಸ್ಕೀಗಿಯಲ್ಲೇ, ಬುಕರ್ ವಾಷಿಂಗ್ಟನ್ ಅವರ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಅದೇ ವರ್ಷ ಜುಲೈನಲ್ಲಿ, ಅವರು ಹುಟ್ಟಿದ ಡೈಮಂಡ್‌ನ ಜಮೀನನ್ನು ಅಮೆರಿಕ ಸರ್ಕಾರ ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿತು. ಅವರು ಗುಟ್ಟಾಗಿ ಗಿಡ ನೆಟ್ಟಿದ್ದ ಕಾಡಿನ ದಾರಿಯಲ್ಲಿ ಈಗ ಶಾಲಾ ಮಕ್ಕಳು ಓಡಾಡುತ್ತಾರೆ.

ನಿಮ್ಮ ಮನೆಯ ಮಗುವಿನೊಂದಿಗೆ ಮಾಡಿ ನೋಡಿ

ಕಾರ್ವರ್ ಹೇಳಿದ ಪಾಠಕ್ಕೆ ದುಬಾರಿ ಸಾಮಾನು ಬೇಡ. ಬೇಕಾದದ್ದು ಅಡುಗೆಮನೆಯಲ್ಲೇ ಇದೆ.

1. ಹುರಿಯದ ಕಡಲೆಕಾಯಿ ಬೀಜವೊಂದನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಿಪ್ಪೆ ತೆಗೆದು ಎರಡು ಹೋಳು ಮಾಡಿ. ತುದಿಯಲ್ಲಿ ಒಂದು ಪುಟ್ಟ ಮೂತಿ ಕಾಣುತ್ತದೆ. ಅದೇ ಮುಂದಿನ ಗಿಡ. ಎರಡು ಹೋಳುಗಳು ಅದಕ್ಕೆ ಕಟ್ಟಿಕೊಟ್ಟ ಬುತ್ತಿ. ಹುರಿದ ಬೀಜ ಏಕೆ ಮೊಳೆಯುವುದಿಲ್ಲ ಎಂದು ಮಗುವನ್ನೇ ಕೇಳಿ. ತೀರಾ ಚಿಕ್ಕ ಮಕ್ಕಳು ಬೀಜವನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳದಂತೆ ಪಕ್ಕದಲ್ಲೇ ಇರಿ.

2. ಗಿಡದ ತೂಕ ಎಲ್ಲಿಂದ ಬಂತು ಎಂದು ಕೇಳಿ. ಮಣ್ಣಿನಿಂದ ಎಂದೇ ಹೆಚ್ಚಿನವರು ಹೇಳುತ್ತಾರೆ, ದೊಡ್ಡವರೂ ಕೂಡ. ವಾಸ್ತವದಲ್ಲಿ ಗಿಡ ತನ್ನ ಮೈಯನ್ನು ಬಹುಪಾಲು ಕಟ್ಟಿಕೊಳ್ಳುವುದು ನೀರು ಮತ್ತು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ, ಬಿಸಿಲಿನ ಶಕ್ತಿ ಬಳಸಿ. ಮಣ್ಣಿನಿಂದ ಬರುವುದು ಸ್ವಲ್ಪವೇ. ಆದರೆ ಆ ಸ್ವಲ್ಪ ಇಲ್ಲದಿದ್ದರೆ ಗಿಡ ಏಳುವುದಿಲ್ಲ. ಅಲಬಾಮಾದ ಹತ್ತಿ ಹೊಲಗಳಲ್ಲಿ ಆಗಿದ್ದು ಇದೇ.

3. ಎರಡು ಲೋಟಗಳಲ್ಲಿ ಹೊಲದ ಮಣ್ಣು ಹಾಕಿ ಅಲಸಂದೆ ಬಿತ್ತಿ. ಮೊಳೆತ ಮೇಲೆ ಒಂದನ್ನು ಬೆಳಕಿನಲ್ಲಿಡಿ, ಇನ್ನೊಂದನ್ನು ಕಪಾಟಿನೊಳಗಿಡಿ. ನೀರು ಎರಡಕ್ಕೂ ಒಂದೇ ಅಳತೆ. ಒಂದು ವಾರದ ನಂತರ ಬಣ್ಣ, ಎತ್ತರ ಬರೆದಿಡಲು ಹೇಳಿ. ಕತ್ತಲಿನ ಗಿಡ ಉದ್ದವಾಗಿ, ಬಿಳಿಚಿಕೊಂಡು ನಿಂತಿರುತ್ತದೆ. ಉದ್ದ ಬೆಳೆದದ್ದೆಲ್ಲ ಚೆನ್ನಾಗಿ ಬೆಳೆದದ್ದಲ್ಲ ಎಂಬುದು ಮಗುವಿಗೇ ಕಾಣುತ್ತದೆ.

4. ಬೆಳಕಿನಲ್ಲಿ ಬೆಳೆದ ಗಿಡವನ್ನು ದೊಡ್ಡ ಕುಂಡಕ್ಕೆ ಬದಲಾಯಿಸಿ. ನಾಲ್ಕೈದು ವಾರಗಳ ನಂತರ ಮೆಲ್ಲನೆ ಕಿತ್ತು ಬೇರು ತೊಳೆಯಿರಿ. ಸಾಸಿವೆ ಕಾಳಿನಂಥ ಗಂಟುಗಳು ಕಾಣಬಹುದು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿವೆ ಎಂದರ್ಥ. ಗಂಟುಗಳೇ ಇಲ್ಲದಿದ್ದರೆ ಬೇಸರ ಬೇಡ. ಅಲಸಂದೆಯೋ ಅವರೆಯೋ ಬೆಳೆದ ಹೊಲದ ಮಣ್ಣು ತಂದು ಮತ್ತೊಮ್ಮೆ ಬಿತ್ತಿ. ಬೇರೆ ಮಣ್ಣಿನಲ್ಲಿ ಏಕೆ ಬಂತು, ಇದರಲ್ಲಿ ಏಕೆ ಬರಲಿಲ್ಲ ಎಂದು ಮಗು ಕೇಳಿದರೆ ಪಾಠ ಶುರುವಾಯಿತು ಎಂದೇ ಲೆಕ್ಕ.

ಮುಂದಿನ ಸಲ ಪೀನಟ್ ಬಟರ್ ಕಥೆ ನಿಮ್ಮ ಗುಂಪಿಗೆ ಬಂದರೆ ಸರಿಯಾದ ಸಂಗತಿ ತಿಳಿಸಿ. ಜೊತೆಗೆ ಆ ಅಲಸಂದೆ ಗಿಡದ ಬೇರಿನ ಫೋಟೊವನ್ನೂ ಕಳಿಸಿ.